ಮೂಲೆಯಲ್ಲಿ ಬರೆದ ಭಾಲ್ಕಿ

ಭಾಲ್ಕಿಯ ಪೇಂಟರ್ ಮಚ್ಛೇಂದ್ರನಿಗೆ ಒಂದು ಚಟವಿತ್ತು. ಬೀಡಿಯದಲ್ಲ, ಎಲೆ ಅಡಿಕೆಯದೂ ಅಲ್ಲ. ಯಾವ ಗೋಡೆಗೆ ಬಣ್ಣ ಹಚ್ಚಲಿ, ಯಾವ ಬೋರ್ಡು ಬರೆಯಲಿ, ಕೆಳಗಿನ ಮೂಲೆಯಲ್ಲಿ ‘ಮಚ್ಛೇಂದ್ರ, ಭಾಲ್ಕಿ’ ಎಂದು ಬರೆದು, ಅದರಡಿ ಅಂದಿನ ತಾರೀಖು ಹಾಕದೆ ಕುಂಚ ತೊಳೆಯುತ್ತಿರಲಿಲ್ಲ. ಔರಾದಿನ ಗೊಬ್ಬರದಂಗಡಿಗೂ ಅದೇ, ಬೀದರಿನ ಬ್ಯಾಂಡ್ ಕಂಪನಿಗೂ ಅದೇ. ಬುದ್ಧ ಜಯಂತಿಗೆ ಸ್ವಂತ ಮನೆಗೆ ಸುಣ್ಣ ಬಳಿದಾಗಲೂ ಬರೆದುಬಿಟ್ಟಿದ್ದ ಪುಣ್ಯಾತ್ಮ.

“ನಮ್ಮ ಮನಿ ಗ್ವಾಡಿಗೂ ಯಾಕ್ರಿ? ಕಳದ್ರ ಹುಡುಕ್ಲಿಕ್ಕೇನು?” ಎಂದು ಹೆಂಡತಿ ಕೌಸಲ್ಯಾಬಾಯಿ ಕಾಡಿಸಿದ್ದಳು. ಆದರೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದಾಗ ಅವಳು ತಾನಾಗಿ ಓದಿದ ಮೊದಲ ಸಾಲು ಆ ಗೋಡೆಯದೇ.

ಮೂರನೆಯ ವರ್ಷವೂ ಮಳೆ ಕೈಕೊಟ್ಟಿತು. ಊರೇ ಗಂಟುಮೂಟೆ ಕಟ್ಟುವಾಗ ಹೊಸ ಬೋರ್ಡು ಬರೆಸುವವರಾರು? ಅಷ್ಟರಲ್ಲಿ ಗುತ್ತೇದಾರನೊಬ್ಬ ಕರೆದ. ಹೈದರಾಬಾದಿನಲ್ಲಿ ದೇಶದೇಶದ ಓಟಗಾರರು ಸೇರುವ ದೊಡ್ಡ ಪಂದ್ಯ. ಖರ್ಚಿಗೆ ನಿಂತ ಶರಬತ್ತಿನ ಕಂಪನಿಯ ಹೆಸರನ್ನು ಮೈದಾನದ ಸುತ್ತ ಬರೆಯಬೇಕು. ಮಚ್ಛೇಂದ್ರ ಕುಂಚಗಳ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ. ವಾರಕ್ಕೊಮ್ಮೆ ಪಕ್ಕದ ಮನೆಯ ಬದರುನ್ನಿಸಾಳ ಫೋನಿಗೆ ಮಾತಾಡುತ್ತಿದ್ದ.

ಒಂದು ವಾರ ಫೋನು ಬರಲಿಲ್ಲ. ಬದಲಿಗೆ ಅದೇ ಕೆಲಸಕ್ಕೆ ಹೋಗಿದ್ದ ಸಾಯಗಾಂವದ ಪಂಢರಿ ಹೆದರಿ ಓಡಿಬಂದ.

“ಹದಿನಾಲ್ಕನೇ ತಾರೀಖಿಗಿ ಮೈದಾನದಾಗ ಬೊಂಬಿನ ಅಟ್ಟ ಬಿದ್ದದರಿ ವೈನಿ. ಪೇಂಟರ್ ಮಂದಿ ಮ್ಯಾಲೇ ಇದ್ರು. ಯಾರು ಸತ್ರು, ಯಾರು ಉಳದ್ರು, ಯಾರೂ ಹೇಳವಲ್ರು.”

ಕೌಸಲ್ಯಾಬಾಯಿ ಬದರುನ್ನಿಸಾಳ ಫೋನಿಗೆ ಓಡಿದಳು. ಗುತ್ತೇದಾರನ ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಹುಡುಕಲು ಹೋದ ಅವಳ ತಮ್ಮ ಕಾಶೀರಾಮನನ್ನು ಪಾಸಿಲ್ಲವೆಂದು ಗೇಟಿನಿಂದಲೇ ಅಟ್ಟಿದರು. ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಪಂದ್ಯ ಶುರುವಾಯಿತು. ಬದರುನ್ನಿಸಾಳ ಮನೆಯ ಟಿವಿಯೆದುರು ಓಣಿಯೇ ನೆರೆಯಿತು. ಎಲ್ಲರೂ ಓಡುವವರನ್ನು ನೋಡಿದರೆ ಕೌಸಲ್ಯಾಬಾಯಿ ಅವರ ಹಿಂದಿನ ಬೋರ್ಡುಗಳನ್ನು ನೋಡುತ್ತಿದ್ದಳು. ಎಲ್ಲೆಲ್ಲೂ ಶರಬತ್ತು, ಶರಬತ್ತು, ಶರಬತ್ತು. ಅವಳಿಗೆ ಆ ಶರಬತ್ತಿನ ಮೇಲೇ ಸಿಟ್ಟು ಬಂತು.

ಎರಡನೆಯ ದಿನ ದೂರದ ಓಟ ಗೆದ್ದ ಹುಡುಗಿಯೊಬ್ಬಳು ಸುಸ್ತಾಗಿ ಬೋರ್ಡೊಂದರ ಬುಡಕ್ಕೇ ಕುಸಿದು ಕೂತಳು. ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಹೋಯಿತು. ಅವಳ ಭುಜದ ಪಕ್ಕ, ಬೋರ್ಡಿನ ಮೂಲೆಯಲ್ಲಿ, ಕನ್ನಡದ ಅಕ್ಷರ.

ಕೌಸಲ್ಯಾಬಾಯಿ ಎದ್ದು ಟಿವಿಯ ಗಾಜಿಗೇ ಬೆರಳಿಟ್ಟಳು. ಮಚ್ಛೇಂದ್ರ. ಭಾಲ್ಕಿ. ಅದರಡಿ ಹತ್ತೊಂಬತ್ತನೆಯ ತಾರೀಖು. ಅಟ್ಟ ಬಿದ್ದದ್ದು ಹದಿನಾಲ್ಕಕ್ಕೆ! ಅವಳು ಬೆರಳು ಮಡಚಿ ಎರಡು ಸಲ ಎಣಿಸಿದಳು.

“ಏನಾಯ್ತ್ರಿ ಭಾಭಿ?” ಎಂದು ಬದರುನ್ನಿಸಾ ಹಿಡಿದುಕೊಂಡಳು.

“ಇದ್ದಾರವ್ವ! ನಮ್ಮವ್ರು ಇದ್ದಾರ!” ಎಂದು ಕೌಸಲ್ಯಾಬಾಯಿ ಅಲ್ಲೇ ಕೂತು ಗಳಗಳ ಅತ್ತಳು. ಹೋದ ಜೀವ ಬಂದಂತಾಗಿತ್ತು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು.

ಪಂದ್ಯ ಮುಗಿದ ಮರುದಿನ ಫೋನು ಬಂತು. ಅಟ್ಟ ಬಿದ್ದಾಗ ಅವನು ಚಹಾಕ್ಕೆಂದು ಕೆಳಗಿಳಿದಿದ್ದನಂತೆ. ಸುದ್ದಿ ಹಬ್ಬೀತೆಂದು ಅಂದಿನಿಂದ ಕೆಲಸದವರನ್ನು ಹೊರಗೂ ಬಿಟ್ಟಿರಲಿಲ್ಲವಂತೆ, ಫೋನು ಮಾಡಲೂ ಬಿಟ್ಟಿರಲಿಲ್ಲವಂತೆ. ಇಷ್ಟನ್ನು ಎರಡು ಮಾತಿನಲ್ಲಿ ಮುಗಿಸಿ ಮಹಾರಾಯ ತನ್ನ ಗೋಳು ತೆಗೆದ.

“ಟಿವ್ಯಾಗ ಕಂಡದ್ದೇ ತಡ, ಕಂಪನಿಯವ್ರು ಓಡಿ ಬಂದ್ರು. ರೊಕ್ಕ ಕೊಟ್ಟವ್ರು ನಾವು, ಇಲ್ಲಿ ಭಾಲ್ಕಿದೇನು ಕೆಲಸ ಅಂದ್ರು. ನನ್ನ ಕೈಲೇ ಬಿಳಿ ಬಣ್ಣ ಹೊಡಿಸ್ಯಾರ, ಕೌಸಲ್ಯಾ. ಅಷ್ಟು ದೊಡ್ಡ ಆಟದಾಗ ನಮ್ಮೂರ ಹೆಸರು ಬರ್ದು ಏನುಪಯೋಗ? ಒಬ್ಬರೂ ಓದಲಿಲ್ಲ.”

ಕೌಸಲ್ಯಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಳಿಸ್ಲಿ ಬಿಡ್ರಿ,” ಎಂದಳು. “ನಾ ಓದೀನಿ.”