ಫಿಲೋಮಿನಾ ಬಾಯಿ ತೋರಿಸಿದ ಜಾಗ

ಫಿಲೋಮಿನಾ ಬಾಯಿಗೆ ಬದುಕಿದ್ದವರಿಗಿಂತ ಸತ್ತವರ ಮೇಲೆ ಅಕ್ಕರೆ ಹೆಚ್ಚು. ಗುರುತಿಲ್ಲದವರ ಸಮಾಧಿ ಕಂಡರೂ ಸೆರಗಿನಿಂದ ಕಲ್ಲು ಒರೆಸುತ್ತಿದ್ದಳು. ಬದುಕಿದ್ದವರಿಗೆ ಬರೀ ಬೈಗುಳ. ಪರದೇಶದ ವಾಲ್‌ನಟ್ ಎಂಬ ಊರಿನಲ್ಲಿ ನನ್ನ ಮಗನ ಮನೆಯ ಪಕ್ಕದಲ್ಲೇ ಅವಳ ಮಗಳು ಐರಿನ್‌ಳ ಮನೆ. ಬಾಯಿ ಉಡುಪಿ ಕಡೆಯವಳು, ನಾನು ತುಮಕೂರಿನವಳು. ಆ ಬೀದಿಯಲ್ಲಿ ಕನ್ನಡ ಬರುವ ಮುದುಕಿಯರು ನಾವಿಬ್ಬರೇ. ಜಗಳವಾಡಿದರೂ ಮಾತು ಬಿಡುವ ಹಾಗಿರಲಿಲ್ಲ.

ಸ್ಯಾನ್ ಡಿಯಾಗೋ ಕಡೆ ಕೆರೆ ದಂಡೆಯ ಹಳ್ಳಿಯೊಂದರಲ್ಲಿ ಹಳೇ ಚರ್ಚು, ಬಾಯಿ ಅನ್ನುವ ಹಾಗೆ ಇಗರ್ಜಿ, ಇದೆ. ಐರಿನ್ ತಿಂಗಳಿಗೊಮ್ಮೆ ತಾಯಿಯನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಒಂದು ಭಾನುವಾರ ನಾನೂ ಹೋದೆ. ಹೊರಗೆ ಬರೀ ಸುಣ್ಣದ ಗೋಡೆ. ಒಳಗೆ ಹಗ್ಗ ಹೊಸೆದ ಹಾಗೆ ತಿರುಚಿದ ಕಂಬಗಳು, ಕೆನ್ನೆ ಊದಿದ ದೇವದೂತರು, ಮಾಡು ಮುಟ್ಟುವ ಚಿನ್ನದ ಬಣ್ಣದ ಪೀಠ.

"ನಮ್ಮೂರಿನ ಇಗರ್ಜಿ ಹೀಗೇ ಉಂಟು ಮಾರಾಯ್ರೇ," ಅಂದಳು ಬಾಯಿ.

ಬಾಗಿಲ ಬಳಿ ಕಲ್ಲಿನ ಬಟ್ಟಲಲ್ಲಿ ನೀರಿತ್ತು. ತೀರ್ಥವೆಂದು ಅಂಗೈಯಲ್ಲಿ ಹಿಡಿದು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡೆ.

"ಅಯ್ಯೋ, ಅದು ಕುಡಿಲಿಕ್ಕಲ್ಲ! ಊರಿನವರೆಲ್ಲ ಬೆರಳು ಅದ್ದಿದ ನೀರು!"

"ಮೊದ್ಲೇ ಹೇಳೋದಲ್ವೇನ್ರೀ?"

"ನೀವು ಹೇಳಿದ್ದು ಕೇಳುವ ಜನವಾ?"

ಐರಿನ್ ಕಾರು ತರಲು ಹೋದಾಗ ಬಾಯಿ ನನ್ನನ್ನು ಹಿತ್ತಲಿನ ಸಮಾಧಿಗಳ ಕಡೆ ಎಳೆದುಕೊಂಡು ಹೋಗಿ, ಕೆರೆ ಕಾಣುವ ಮೂಲೆ ತೋರಿಸಿದಳು.

"ನನ್ನನ್ನು ಇಲ್ಲೇ ಮಣ್ಣು ಮಾಡಬೇಕು. ಆಗ್ತದೆ ಅಂತ ಪಾದ್ರಿಗಳು ಹೇಳಿದ್ದಾರೆ. ಸಾವಿನ ಮಾತೆತ್ತಿದ್ರೆ ಐರಿನ್ ಎದ್ದು ಹೋಗ್ತಾಳೆ. ನೀವು ಹೇಳಿ. ಸುಡ್ಲಿಕ್ಕೆ ಮಾತ್ರ ಬಿಡಬೇಡಿ, ನಂಗೆ ಬೆಂಕಿ ಅಂದ್ರೆ ಹೆದರಿಕೆ."

"ಆಯ್ತು ಬಿಡಿ," ಅಂದೆ.

ಆ ಚಳಿಗಾಲದಲ್ಲಿ ಬಾಯಿ ಸ್ನಾನದ ಮನೆಯಲ್ಲಿ ಕುಸಿದು ಸತ್ತಳು. ಮಾರನೆಯ ದಿನ ಐರಿನ್ ನಮ್ಮ ಅಡಿಗೆಮನೆಗೆ ಬಂದಳು.

"ಆಂಟಿ, ಮಮ್ಮಿ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ? ಕ್ರಿಮೇಷನ್ ಮಾಡ್ಸಿದ್ರೆ ಓಕೇನಾ?"

ನಾನು ಮರೆತಿರಲಿಲ್ಲ. ಆದರೆ ನಮ್ಮಲ್ಲಿ ಮಣ್ಣಿಗೆ ಹಾಕುವುದು ಹಸುಗೂಸುಗಳನ್ನು ಮಾತ್ರ. ಇಷ್ಟು ದೊಡ್ಡ ಜೀವವನ್ನು ಹುಳಕ್ಕೆ ಕೊಡುವುದೇ? ಸತ್ತವಳಿಗೆ ಬೆಂಕಿಯ ಹೆದರಿಕೆ ಎಲ್ಲಿಂದ ಬರಬೇಕು? ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡೆ.

"ಹೂಂ, ಸುಡೋದೇ ಬೇಕು ಅಂದಿದ್ರು ಕಣಮ್ಮ," ಅಂದೆ.

ಬೂದಿಯನ್ನು ಡೆಲ್ ಮಾರ್ ಎಂಬ ಊರಿನ ದಂಡೆಯಲ್ಲಿ ಸಮುದ್ರಕ್ಕೆ ಬಿಟ್ಟರು. ನೀರು ಬೂದಿ ಎಳೆದುಕೊಂಡು ಹೋಯಿತು. ಐರಿನ್ ಒದ್ದೆ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು.

"ಥ್ಯಾಂಕ್ಸ್ ಆಂಟಿ. ನೀವಿಲ್ದಿದ್ರೆ ಮಮ್ಮಿಗೆ ಏನು ಬೇಕಾಗಿತ್ತು ಅಂತ ನಂಗೆ ಗೊತ್ತೇ ಆಗ್ತಿರ್ಲಿಲ್ಲ."