ಕೃತ್ತಿಕೆ ಕಾಣದ ಮೇಡಂ

ಐಮಂಗಲದ ಕಡೆ ಇರುಳಲ್ಲಿ ತಲೆ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ. "ಮಂಗಳ ಗ್ರಹ ಅದೇ ಏನ್ರಿ ಮೇಡಂ?" ಎಂದು ಮಕ್ಕಳು ಕೇಳಿದ ದಿನವೇ ವಿಜ್ಞಾನದ ದಾಕ್ಷಾಯಿಣಿ ಮೇಡಂ ಹಟ ಹಿಡಿದರು. ಹಳೆಯ ವಿದ್ಯಾರ್ಥಿಗಳ ಬೆನ್ನುಬಿದ್ದು, ಶಾಲೆಯ ಹಿಂದಿನ ಪಾಳುಕೋಣೆಗೆ ಗುಮ್ಮಟ ಕಟ್ಟಿಸಿ ಪ್ರೊಜೆಕ್ಟರ್ ಇಡಿಸಿದರು. ಬಾಗಿಲು ಮುಚ್ಚಿದರೆ ಹಾಡಹಗಲೇ ಚುಕ್ಕಿ ತುಂಬಿದ ಆಕಾಶ. ಮೇಡಂ ಹಸಿರು ಲೇಸರ್ ಕಡ್ಡಿಯಲ್ಲಿ ಸಪ್ತರ್ಷಿಗಳಿಂದ ಧ್ರುವಕ್ಕೆ ದಾರಿ ತೋರಿಸುತ್ತಿದ್ದರೆ, ಗ್ರಹಣವೆಂದರೆ ಹೊದ್ದು ಮಲಗುವ ಮಕ್ಕಳೂ ಬಾಯಿ ಬಿಟ್ಟು ಕೂರುತ್ತಿದ್ದವು.

ಹೋದ ವರ್ಷ ಕೃತ್ತಿಕೆಯ ಗೊಂಚಲು ಮಸುಕಾಯಿತು. ಮೇಡಂ ಬಲ್ಬು ಬದಲಿಸಿದರು. ಆಮೇಲೆ ಗೊಂಚಲೇ ಇಲ್ಲ.

"ಹಾಳಾದ್ದು, ಮಿಷನ್ನೇ ಕೆಟ್ಟೈತೆ."

"ಇಲ್ಲ ಮೇಡಂ, ಎಲ್ಲಾ ಚೆಂದ ಕಾಣ್ತಾವೆ," ಎಂದವು ಮಕ್ಕಳು.

ಮೇಡಂ ಆ ವಾರವೇ ಕಣ್ಣು ತೋರಿಸಲು ದಾವಣಗೆರೆಗೆ ಹೋದರು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇರುಳುಗಣ್ಣು, ವಂಶದಿಂದ ಬಂದದ್ದು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಬರಬರುತ್ತಾ ಬೆಳಕಲ್ಲೂ. ಔಷಧಿಯಿಲ್ಲ. ಗಂಡ ನಾಗರಾಜ್‌ಗೆ ಬಿಟ್ಟರೆ ಮೇಡಂ ಯಾರಿಗೂ ಹೇಳಲಿಲ್ಲ. ಹೇಳಿದರೆ ಗುಮ್ಮಟಕ್ಕೆ ಬೀಗ ಬೀಳುತ್ತಿತ್ತು. ಗೋಡೆ ಸವರಿಕೊಂಡು ಓಡಾಡುತ್ತ, ನೆನಪಿನ ಮೇಲೇ ಆಕಾಶ ತೋರಿಸಿದರು.

ಶ್ರಾವಣದಲ್ಲಿ ಆದಿವಾಲದ ಶಾಲೆಯಿಂದಲೂ ಮಕ್ಕಳು ಗುಮ್ಮಟ ನೋಡಲು ಬಂದರು. ಕಾಲಿಡಲು ಜಾಗವಿಲ್ಲ. "ಪೂರ್ವಕ್ಕೆ ರೋಹಿಣಿ ಹುಟ್ತಾಳೆ ನೋಡ್ರಿ," ಎಂದು ಮೇಡಂ ಕಡ್ಡಿಯನ್ನು ತಗ್ಗಿಸಿ ಹಿಡಿದರು. ನೋಡುವ ಆಸೆಗೆ ಸುಮಿತ್ರಾ ಎಂಬ ಹುಡುಗಿ ಲೇಸರ್ ಕಿರಣದ ದಾರಿಯಲ್ಲೇ ಎದ್ದು ನಿಂತದ್ದು ಅವರಿಗೆ ಕಾಣಲಿಲ್ಲ.

"ಅವ್ವಾ! ಕಣ್ಣು!"

"ಮೇಡಂ, ಆ ಕಡೆ ತಿರುಗಿಸ್ರಿ!" ಎಂದು ಯಾರೋ ಕೂಗಿದರು. ಯಾವ ಕಡೆ? ಗಾಬರಿಯಲ್ಲಿ ಕಡ್ಡಿ ಆರಿಸುವುದೂ ಹೊಳೆಯದೆ, ಮೇಡಂ ಅದನ್ನು ಎದೆಗೆ ಅವುಚಿಕೊಂಡು ಕುಸಿದರು.

ದುರ್ಗದ ಆಸ್ಪತ್ರೆಯಲ್ಲಿ, ರೆಪ್ಪೆ ತಟ್ಟನೆ ಮುಚ್ಚಿದ್ದರಿಂದ ಹುಡುಗಿಯ ಕಣ್ಣು ಉಳಿಯಿತು ಎಂದರು. ಮೇಡಂ ಹೋಗಿ ಹುಡುಗಿಯ ತಾಯಿ ಓಬವ್ವನ ಕೈ ಹಿಡಿದುಕೊಂಡರು. "ತಪ್ಪು ನಂದು. ಕತ್ತಲಲ್ಲಿ ನಂಗೆ ಕಣ್ಣು ಕಾಣಲ್ಲ. ಗೊತ್ತಿದ್ದೂ ಒಳಗೆ ಹೋದೆ."

ಓಬವ್ವ ಕೈ ಕೊಸರಿಕೊಂಡಳು. "ನಂಬಿ ಕಳಿಸಿದ್ವಿ ಮೇಡಂ," ಎಂದಷ್ಟೇ ಹೇಳಿ ಮಗಳ ಪಕ್ಕ ಹೋಗಿ ಕುಂತಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

ಮರುದಿನ ಹೆಡ್‌ಮಾಸ್ಟರ್ ಚಿತ್ರಲಿಂಗಪ್ಪನವರು ಗುಮ್ಮಟಕ್ಕೆ ಬೀಗ ಹಾಕಿಸಿದರು.

"ಆಕಾಶ ತೋರಿಸೋದು ಯಾರಾದ್ರೂ ಕಲೀಲಿ ಸರ್, ನಾನು ಹೊರಗೆ ಕುಂತೇ ಹೇಳಿಕೊಡ್ತೀನಿ," ಎಂದು ಮೇಡಂ ಅಂಗಲಾಚಿದರು. ಸ್ಟಾಫ್ ರೂಮಿನಲ್ಲಿದ್ದವರು ಒಬ್ಬೊಬ್ಬರೇ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಎದ್ದು ಹೋದರು.

ಈಗ ಮೇಡಂ ಕಿಟಕಿ ಪಕ್ಕ ನಿಂತು ಪಾಠ ಮಾಡುತ್ತಾರೆ. ಬೋರ್ಡಿನ ಅಂಚುಗಳೂ ಮಾಸತೊಡಗಿವೆ. "ಆಕಾಶ ಯಾವಾಗ ತೋರಿಸ್ತೀರಿ ಮೇಡಂ?" ಎಂದು ಮಕ್ಕಳು ಕೇಳಿದರೆ, "ಹೊಸ ಮೇಷ್ಟ್ರು ಬರ್ತಾರೆ, ತೋರಿಸ್ತಾರೆ," ಎನ್ನುತ್ತಾರೆ. ಯಾರೂ ಬರುವುದಿಲ್ಲವೆಂದು ಅವರಿಗೆ ಗೊತ್ತು.