ಆಪಾ ನಂಬಿದ ಹೆಸರುಗಳು

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಆಪಾ ಎರಡೂ ಕೈಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ, ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಬಳೆ ಸದ್ದಾದರೆ ಅವರ ಯೋಚನೆ ಓಡುತ್ತಿರಲಿಲ್ಲ. ಪಾಠ ಮುಗಿಸಿ ಬ್ಯಾಂಡ್ ತೆಗೆದಾಗ ಮುಂಗೈ ಮೇಲೆ ಕೆಂಪು ಗೆರೆ ಉಳಿದಿರುತ್ತಿತ್ತು.

ಆ ಬೆಳಿಗ್ಗೆಯೂ ಎಲ್ಲ ಎಂದಿನಂತೆಯೇ ಇತ್ತು. ಮಕ್ಕಳ ಡಬ್ಬಿ ಕಟ್ಟಿ, ಉಳಿದ ರೊಟ್ಟಿಗೆ ಬಟ್ಟೆ ಹೊದಿಸಿ, ಹತ್ತು ಗಂಟೆಗೆ ಆಳಂದದ ದಾಲ್ ಮಿಲ್ಲಿನ ಮಾಳಿಗೆಯ ಕೋಣೆಗೆ ಹೋದೆ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ, ಎಲ್ಲರೂ ಅಕ್ಕ ಎಂಬ ಅರ್ಥದಲ್ಲಿ ‘ಆಪಾ’ ಎಂದೇ ಕರೆಯುತ್ತಿದ್ದ ಅವರು ಅಲ್ಲಿ ನಮ್ಮಂಥ ಆರು ಗೃಹಿಣಿಯರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು. ಕೋಣೆ ಮಿಲ್ಲಿನ ಸಾವುಕಾರರದು. ಬಾಡಿಗೆಯ ಬದಲು ಗೇಟಿನಲ್ಲಿ ತೂಕ ತೋರಿಸುವ ಪರದೆಗೆ ನಾವು ಪ್ರೋಗ್ರಾಂ ಬರೆದುಕೊಡಬೇಕಿತ್ತು. ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷು ಅಷ್ಟು ವರ್ಷ ಔಷಧದ ಚೀಟಿ ಓದುವುದಕ್ಕಷ್ಟೇ ಉಪಯೋಗಕ್ಕೆ ಬಂದಿತ್ತು.

ಪ್ರೋಗ್ರಾಮು ತನ್ನ ಕೆಲಸಕ್ಕೆ ಕಂಪ್ಯೂಟರಿನಿಂದ ಒಂದಿಷ್ಟು ಮೆಮೊರಿ ಪಡೆಯುತ್ತದೆ. ಮುಗಿದ ಮೇಲೆ ಹಿಂತಿರುಗಿಸಬೇಕು. ಯಾರೂ ಹಿಂತಿರುಗಿಸದಿದ್ದರೆ ಮೆಮೊರಿ ತುಂಬಿ ಯಂತ್ರ ನಿಲ್ಲುತ್ತದೆ. ಒಂದನ್ನೇ ಇಬ್ಬರು ಹಿಂತಿರುಗಿಸಿದರೂ ಕೆಡುತ್ತದೆ. ಹಿಂತಿರುಗಿಸುವ ಜವಾಬ್ದಾರಿ ಯಾರದೆಂಬುದು ಹೆಸರಿನಲ್ಲೇ ತಿಳಿಯಬೇಕೆಂದು ಆಪಾ ನಿಯಮ ಮಾಡಿದ್ದರು. ಪ್ರೋಗ್ರಾಮಿನ ತುಣುಕಿನ ಹೆಸರು ‘ಕೊಡು’ ಎಂದು ಮುಗಿದರೆ ಪಡೆದವರು ಹಿಂತಿರುಗಿಸಬೇಕು; ‘ತೋರು’ ಎಂದು ಮುಗಿದರೆ ನೋಡಿ ಬಿಡಬೇಕು.

“ನನ್ನ ಸೀರಿ ನಿನಗ ಬರೇ ತೋರ್ಸಿದ್ರ ಒಗದು ತರ್ತೀ ಏನ್ ಬೇ? ಉಡಾಕ ಕೊಟ್ರ ಮಾತ್ರ ಒಗದು, ಮಡಚಿ ತಂದಿಡಬೇಕು,” ಎನ್ನುತ್ತಿದ್ದರು.

ಈ ಹೆಸರುಗಳನ್ನೇ ನಂಬಿ ಅವರೊಂದು ಪರೀಕ್ಷಕ ಪ್ರೋಗ್ರಾಂ ಬರೆದಿದ್ದರು. ಅದು ನಮ್ಮದನ್ನು ಓಡಿಸಿ ನೋಡುತ್ತಿರಲಿಲ್ಲ. ಬರೆದದ್ದನ್ನು ಸುಮ್ಮನೆ ಓದಿ, ಎಲ್ಲಿ ಮೆಮೊರಿ ಹಿಂತಿರುಗಿಸಿಲ್ಲ ಎಂದು ಬೊಟ್ಟು ಮಾಡುತ್ತಿತ್ತು. ತಪ್ಪಿಲ್ಲದಿದ್ದರೆ ‘ಬರೋಬರಿ ಅದ’ ಎಂದು ಬರುತ್ತಿತ್ತು. ಅದನ್ನು ಕಂಡರೆ ನಮಗೆ ಪರೀಕ್ಷೆ ಪಾಸಾದಷ್ಟು ಖುಷಿ.

ಅಂದು ನಮ್ಮ ತೂಕದ ಪರದೆ ಶುರುವಾದ ಮೊದಲ ದಿನ. ಹನ್ನೊಂದಕ್ಕೆ ಸಾವುಕಾರರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಆಪಾ, ಮೂರನೇ ಸಲ ಬಂದ್ ಆತ್ರಿ. ಮಾದನಹಿಪ್ಪರಗಾದಿಂದ ತೊಗರಿ ತಂದ ಟ್ರ್ಯಾಕ್ಟರು ರೋಡಿನತನಾ ನಿಂತಾವ. ಸಂಜೀತನಾ ಸರಿ ಆಗಲಿಲ್ಲಂದ್ರ ಈ ಖೋಲಿ ಕೀಲಿ ಕೊಟ್ಟುಬಿಡ್ರಿ. ನಾ ಹಳೇ ಕಾಟಾದಾಗೇ ತೂಕಾ ಮಾಡ್ಕೋತೇನಿ.”

“ನಿಮ್ಮ ಸಿಟ್ಟು ಖರೇ ಅದರಿ. ಒಂದು ಕಪ್ ಚಹಾ ಕುಡದು ಸಿಟ್ಟಾಗ್ರಿ,” ಎಂದರು ಆಪಾ.

ಸಾವುಕಾರರು ಚಹಾ ಕುಡಿದೇ ಹೋದರು. ಆದರೆ ಕಂಪ್ಯೂಟರಿನ ಮುಂದೆ ಕೂತ ಆಪಾ ಬಳೆಗೆ ಬ್ಯಾಂಡ್ ಹಾಕುವುದನ್ನು ಮರೆತಿದ್ದರು. ಕೋಣೆ ಹೋದರೆ ನಮ್ಮ ತರಗತಿಯೇ ಇಲ್ಲ ಎಂದು ಬಳೆಯ ಆ ಸದ್ದೇ ಹೇಳುತ್ತಿತ್ತು.

ಪರೀಕ್ಷಕ ಮತ್ತೆ ‘ಬರೋಬರಿ ಅದ’ ಎಂದಿತು. ಆಪಾ ಅದನ್ನು ಬದಿಗಿಟ್ಟು, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ತುಣುಕು ಓದತೊಡಗಿದರು. ಬೆರಳು ‘ತೂಕ ತೋರು’ ಎಂಬಲ್ಲಿ ನಿಂತಿತು. ಅದು ನಾನು ಬರೆದದ್ದು. ಮೊದಲು ಅದು ನಿಜವಾಗಿ ಬರೀ ತೋರಿಸುತ್ತಿತ್ತು. ಆಮೇಲೆ ನಾನೇ ಅದನ್ನು ಬದಲಿಸಿ, ಪ್ರತಿ ಸಲ ಹೊಸ ಮೆಮೊರಿಯಲ್ಲಿ ನಕಲು ಮಾಡಿ ಕೊಡುವಂತೆ ಮಾಡಿದ್ದೆ. ಹೆಸರು ಮಾತ್ರ ಹಾಗೇ ಬಿಟ್ಟಿದ್ದೆ; ಹಾಗಾಗಿ ಆ ಮೆಮೊರಿಯನ್ನು ಯಾರೂ ಹಿಂತಿರುಗಿಸುತ್ತಿರಲಿಲ್ಲ. ಬರೆದದ್ದನ್ನು ಕಾಟು ಹೊಡೆದರೆ ಕಾನ್ವೆಂಟಿನ ಸಿಸ್ಟರ್ ಬೆತ್ತ ಎತ್ತುತ್ತಿದ್ದರು. ಆ ಅಂಜಿಕೆ ಇನ್ನೂ ಬೆರಳಲ್ಲಿತ್ತು.

“ಇದು ಯಾರು ಬರದದ್ದು?” ಎಂದು ಆಪಾ ಕೇಳಲಿಲ್ಲ. ಹೆಸರನ್ನು ‘ತೂಕ ಕೊಡು’ ಎಂದು ತಿದ್ದಿ ಪರೀಕ್ಷಕವನ್ನು ಮತ್ತೆ ಓಡಿಸಿದರು. ಅಷ್ಟೊತ್ತು ಸುಮ್ಮನಿದ್ದದ್ದು ಈಗ ಏಳು ಕಡೆ ತಪ್ಪು ತೋರಿಸಿತು.

“ನೋಡ್ ಬೇ, ಪಾಪ ಅದು ಹೆಸರಿಟ್ಟಾಕಿನ್ನ ನಂಬಿತ್ತು,” ಎಂದು ನಕ್ಕರು.

ಏಳೂ ಕಡೆ ತಿದ್ದಿದೆವು. ಮಧ್ಯಾಹ್ನದಿಂದ ಪರದೆ ಒಮ್ಮೆಯೂ ನಿಲ್ಲಲಿಲ್ಲ. ಐದು ಗಂಟೆಗೆ ಆಪಾ ಕೆಳಗಿಳಿದು ಹೋಗಿ, “ತಪ್ಪು ನಂದರಿ ಸಾವುಕಾರ್ರ. ನನ್ನ ಪರೀಕ್ಷಕ ಬರೇ ಹೆಸರು ನೋಡ್ತದ, ಒಳಗ ಇಣಕಂಗಿಲ್ಲ,” ಎಂದದ್ದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. ಆಪಾ ಮನೆಯ ದಾರಿ ಹಿಡಿದ ಮೇಲೆ ನಾನೂ ಸಾವುಕಾರರ ಬಳಿ ಹೋಗಿ, ಸೆರಗಿನ ತುದಿ ತಿರುವುತ್ತ, “ತಪ್ಪು ನಂದರಿ,” ಎಂದೆ.

ಸಾವುಕಾರರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಯಾರದರೆ ಇರ್ಲಿ ತಗೋರಿ. ಕೀಲಿ ನಿಮ್ಮ ಹತ್ರಾನೇ ಇರ್ಲಿ.”

ಮರುದಿನವೇ ಆಪಾ ತಮ್ಮ ಪರೀಕ್ಷಕಕ್ಕೆ ಒಳಗೆ ಇಣುಕುವುದನ್ನೂ ಕಲಿಸಿದರು. ಈಗ ಅವರು ಜೇವರ್ಗಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಅಲ್ಲಿಯೂ ತರಗತಿ ಶುರುವಾಗಿದೆಯಂತೆ. ಇಲ್ಲಿಯ ಕೋಣೆಯಲ್ಲಿ ಪಾಠ ಹೇಳುವವಳು ನಾನು. ಕೀಲಿಯ ಗೊಂಚಲಿಗೆ ಅವರ ರಬ್ಬರ್ ಬ್ಯಾಂಡೊಂದನ್ನು ಸುತ್ತಿಟ್ಟಿದ್ದೇನೆ. ಮನೆಯಲ್ಲಿ ಡಬ್ಬಿಯೊಳಗಿನ ಹಿಟ್ಟು ಬದಲಾದರೆ ಅದೇ ದಿನ ಮೇಲಿನ ಚೀಟಿಯನ್ನೂ ಬದಲಿಸುತ್ತೇನೆ. ಇದೆಲ್ಲ ಅವರಿಂದ ಬಂದದ್ದು.

ಸಾವುಕಾರರ ಮುಂದೆ ತಪ್ಪು ಒಪ್ಪಿಕೊಂಡು ಬಂದ ಆ ಸಂಜೆ ಓಣಿಯ ಹಿಡಿ ಮುರಿದ ನಳದ ಹತ್ತಿರ ಕೊಡ ಹಿಡಿದು ನಿಂತಿದ್ದೆ. ಪಕ್ಕದ ಮನೆಯ ಕಾಕುವಿನ ಗಂಡ ಅದೇ ಮಿಲ್ಲಿನಲ್ಲಿ ಚೀಲ ಹೊಲಿಯುವವರು. ಸುದ್ದಿ ನನಗಿಂತ ಮೊದಲೇ ಓಣಿ ಸೇರಿತ್ತು. ಕಾಕು ಕೊಡ ತೊಳೆಯುತ್ತ, ನನ್ನ ಕಡೆ ತಿರುಗದೆಯೇ ಅಂದರು:

“ಏನ್ ಬೇ, ಮಿಲ್ಲಿನ್ಯಾಗ ಇಬ್ಬರು ಹೆಂಗಸರು ಒಂದೇ ತಪ್ಪಿಗೆ ನಂದು ನಂದು ಅಂತ ಗುದ್ದಾಡಿದ್ರಂತಲ್ಲ? ನಮ್ಮ ಓಣ್ಯಾಗ ಈ ನಳಾ ಮುರದಾಕಿ ಇನ್ನೂ ಸಿಕ್ಕಿಲ್ಲ ನೋಡು.”